ಓಟಿಸ್ ಪಿಕೆಟ್, ವಯಸ್ಸು ನಲವತ್ತೊಂದು

ಹ್ಯಾರೋಸ್ ಲ್ಯಾಂಡಿಂಗ್
14 ಅಕ್ಟೋಬರ್ 2002

ಕೋನಿ,

ನನ್ನ ತಪ್ಪು: ಭಾನುವಾರದ ಪೇಪರು ಕೊಂಡದ್ದು.

ನಮಗೆ ಕೆಲಸ ಕಲಿಸಿದ ಮುದುಕ ಸ್ಟೀಗಲ್ ಬದುಕಿದ್ದರೆ ಇದನ್ನು ತಪ್ಪೆಂದು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. 'ಮೊದಲು ನಿಮ್ಮ ತಪ್ಪು ಹೇಳಿ, ಆಮೇಲೆ ಊರಿನ ತಪ್ಪು ಹುಡುಕಿ' ಎಂದು ಪ್ರತಿ ಶುಕ್ರವಾರ ನಮ್ಮನ್ನು ಎಲ್ಲರೆದುರು ಎದ್ದು ನಿಲ್ಲಿಸುತ್ತಿದ್ದನಲ್ಲ, ಪುಣ್ಯಾತ್ಮ. ಅವನು ಹೋಗಿ ಎಷ್ಟೋ ವರ್ಷವಾಯಿತು. ನಾವಿಬ್ಬರು ಮಾತ್ರ ಹದಿನೆಂಟು ವರ್ಷದಿಂದ ಪ್ರತಿ ಪತ್ರವನ್ನೂ ಹೀಗೇ ಶುರು ಮಾಡುತ್ತಿದ್ದೇವೆ.

ಪೇಪರಿನಲ್ಲಿ ನೀನಿದ್ದೆ. ಕಡುಗೆಂಪು ಕೋಟು, ಹಿಂದೆ ಬಿಳಿ ಕಂಬಗಳು. ಸಾಂಕ್ರಾಮಿಕ ರಕ್ಷಣೆಗೆಂದು ಹೊಸದಾಗಿ ಆಗುವ ಮಂಡಳಿಗೆ ನಿನ್ನನ್ನೇ ಮುಖ್ಯಸ್ಥೆಯಾಗಿ ನೇಮಿಸುತ್ತಾರಂತೆ, ವಸಂತಕಾಲಕ್ಕೆ ಸೆನೆಟ್ ಒಪ್ಪಿಗೆ ಕೊಡುತ್ತದಂತೆ. ನಮ್ಮ ನರ್ಸ್ ಬರ್ನೀಸ್ ಪಿಂಡರ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಇವ್ರು ನಿಮ್ಮ ಫ್ರೆಂಡ್ ಅಲ್ವಾ ಡಾಕ್ಟ್ರಮ್ಮ? ವಯಸ್ಸೇ ಆಗಿಲ್ವಲ್ಲ ಇವ್ರಿಗೆ!"

"ಕ್ಯಾಮೆರಾದವನ ಕೈಚಳಕ" ಅಂದೆ.

"ಅಯ್ಯೋ, ಹೊಟ್ಟೇಲಿ ಬೆಂಕಿ ಬಿದ್ದಿದ್ರೆ ಒಂದು ಲೋಟ ಮಜ್ಜಿಗೆ ಕುಡೀರಿ" ಅಂದಳು. ಅವಳ ಬಾಯಿಗೆ ಬೀಗ ಹಾಕುವವರು ಈ ಕೊಲ್ಲಿಯ ಎರಡು ದಡದಲ್ಲೂ ಇನ್ನೂ ಹುಟ್ಟಿಲ್ಲ.

ಬೆಂಕಿ ಬಿದ್ದಿರುವುದು ನಿಜ. ನಿನ್ನ ಹತ್ತಿರ ಮುಚ್ಚಿಡುವುದೇನು? ಮಿಸಿಸಿಪ್ಪಿಯ ಆ ದಡಾರದ ಲೇಖನಕ್ಕೆ ಯಾರ ಹೆಸರು ಮೊದಲು ಹಾಕುವುದು ಎಂದು ಮೋಟೆಲಿನ ಮಂಚದ ಮೇಲೆ ನಾಣ್ಯ ಚಿಮ್ಮಿದೆವು. ನೀನು ಗೆದ್ದೆ. ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯವರು ಮೊದಲ ಹೆಸರನ್ನು ಕರೆಸಿಕೊಂಡರು. ಎರಡನೆಯ ಹೆಸರಿಗೆ ಈ ಕೌಂಟಿಯ ವೈದ್ಯೆಯ ಕೆಲಸ ಬಂತು: ನಾಯಿ ಕಡಿತ, ತುಂಬಿದ ಶೌಚಗುಂಡಿ, ಕೆಟ್ಟ ಸಿಂಪಿ ತಿಂದು ವಾಂತಿ ಮಾಡಿಕೊಳ್ಳುವ ಮದುವೆ ಮನೆ. ಅದನ್ನಾದರೂ ನುಂಗಿಕೊಂಡಿದ್ದೆ. ಆದರೆ ನಿನ್ನ ಭಾಷಣ ಅಚ್ಚಾಗಿತ್ತಲ್ಲ, ಅದರಲ್ಲಿ ಹೀಗಿತ್ತು: 'ಒಬ್ಬ ಕೌಂಟಿ ವೈದ್ಯೆ ನನಗೊಮ್ಮೆ ಹೇಳಿದರು: ಸೈನಿಕನನ್ನು ಕಳಿಸಿದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ, ಪರಿಚಯದ ನರ್ಸಮ್ಮನನ್ನು ಕಳಿಸಿದರೆ ತೋಳು ಚಾಚುತ್ತಾರೆ.' ಅದರ ಮೇಲೇ ಅಲ್ಲವೇ ನಿನ್ನ ಯೋಜನೆ ಪೂರ್ತಿ ನಿಂತಿರುವುದು? ಅದಕ್ಕೆ ನಿನ್ನ ಮನೆತನದ ಹೆಸರು ಹಾಕಿ ಎಬರ್ಲಿ ಯೋಜನೆ ಎಂದು ಹೆಸರು. ನನಗೆ 'ಒಬ್ಬ ಕೌಂಟಿ ವೈದ್ಯೆ' ಎಂದು ಹೆಸರು.

ಕೋಟು ಚೆನ್ನಾಗಿದೆ.

ನಿನ್ನ
ವರ್ನಾ ಟಿಲ್ಮನ್ (ಪೂರ್ತಿ ಬರೆದಿದ್ದೇನೆ, ಮರೆತಿದ್ದರೆ ಇರಲಿ ಎಂದು)


ವಾಷಿಂಗ್ಟನ್
2 ನವೆಂಬರ್ 2002

ವರ್ನಾ,

ನನ್ನ ತಪ್ಪು: ಭಾಷಣದ ಮೊದಲ ಪ್ರತಿಯಲ್ಲಿ ನಿನ್ನ ಹೆಸರಿತ್ತು. 'ಯಾರು ಅಂತ ಯಾರಿಗೂ ಗೊತ್ತಾಗಲ್ಲ ಮೇಡಂ' ಎಂದು ಕಚೇರಿಯವರು ಹೊಡೆದುಹಾಕಿದರು. ನಾನು ಅದನ್ನು ನೋಡಿದೆ. ಸುಮ್ಮನಿದ್ದೆ.

ನೀನು ಬೈದದ್ದು ಸರಿ. ಇನ್ನೂ ನಾಲ್ಕು ಬೈ. ಇಲ್ಲಿ ಯಾರೂ ಬೈಯುವುದಿಲ್ಲ, ನಕ್ಕು ಮಾತಾಡಿಸಿ ಬೇರೆ ಕೋಣೆಗೆ ಹೋಗಿ ಕಾಲೆಳೆಯುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಸಿಡುಬು, ಸಿಡುಬು, ಸಿಡುಬು. ಭೂಮಿಯ ಮೇಲೆ ಇಲ್ಲದ ಕಾಯಿಲೆ. ಅದನ್ನು ಯಾರೋ ಬೇಕೆಂದೇ ಬಿಟ್ಟರೆ ಯಾವ ಊರಿಗೆ ಎಷ್ಟು ಬಾಟಲಿ ಲಸಿಕೆ ಎಂದು ಎಣಿಸುತ್ತಾ ಕೂರುವುದು ನನ್ನ ಕೆಲಸ. ನಿಜವಾದ ಒಬ್ಬ ರೋಗಿಯ ನಾಡಿ ಹಿಡಿದು ಆರು ವರ್ಷವಾಯಿತು. ನಿನ್ನ ನಾಯಿ ಕಡಿತದ ಕಥೆ ಓದುವಾಗ ನನಗೆ ಬಾಯಲ್ಲಿ ನೀರೂರುತ್ತದೆ. ನಗಬೇಡ.

ನಾಯಿ ಎಂದಾಗ ನೆನಪಾಯಿತು, ಆ ಮೋಟೆಲಿನ ಮೂರು ಕಾಲಿನ ಓಟಿಸ್ ನೆನಪಿದ್ದಾನೆಯೇ? ರೋಗಿಗಳ ಪಟ್ಟಿ ಮಾಡುವುದನ್ನು ಹೊಸಬರಿಗೆ ಕಲಿಸುವಾಗ ಮೊದಲ ಸಾಲಿಗೆ ನೀನು ಅವನ ಹೆಸರನ್ನೇ ಬರೆಯುತ್ತಿದ್ದೆ, ಮೋಟೆಲ್ ಯಜಮಾನನ ಮನೆತನದ ಹೆಸರು ಸೇರಿಸಿ: 'ಓಟಿಸ್ ಪಿಕೆಟ್, ವಯಸ್ಸು ನಲವತ್ತೊಂದು, ಉದ್ಯೋಗ ಕಾವಲು.' ಸ್ಟೀಗಲ್ ಒಂದು ತಿಂಗಳು ಅದು ಮನುಷ್ಯ ಎಂದೇ ನಂಬಿದ್ದ. 'ಈ ಪಿಕೆಟ್‌ಗೆ ವಾಸಿ ಆಯ್ತೇನ್ರಮ್ಮ?' ಎಂದು ಕೇಳಿದಾಗ ನಾವಿಬ್ಬರೂ ಮೇಜಿನ ಕೆಳಗೆ ಹೋಗಿ ನಕ್ಕಿದ್ದೆವು. ಹಾಗೆ ಆಮೇಲೆ ನಾನು ನಕ್ಕಿಲ್ಲ.

ಮಾರ್ಚ್ ಎರಡನೆಯ ವಾರ ಕೆಲವು ಕೌಂಟಿಗಳಿಗೆ ಅಣಕು ಕಾರ್ಯಾಚರಣೆ ಇಡುತ್ತಿದ್ದೇವೆ. 'ನಿಮ್ಮಲ್ಲಿ ಸಿಡುಬು ಕಂಡಿದೆ, ಏನು ಮಾಡುತ್ತೀರಿ' ಎಂದು ಫ್ಯಾಕ್ಸ್ ಬರುತ್ತದೆ. ಮಾಡಬೇಕಾದ್ದನ್ನು ನೀವು ಕಾಗದದ ಮೇಲೆ ಬರೆದು ಕಳಿಸುತ್ತೀರಿ, ಅಷ್ಟೇ. ನಿನ್ನ ಕೌಂಟಿಯ ಹೆಸರನ್ನು ನಾನೇ ಹಾಕಿಸಿದ್ದೇನೆ. ನೀನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತೀಯೆಂದು ನನಗೆ ಗೊತ್ತು, ಅದು ಬೇರೆಯವರಿಗೂ ಗೊತ್ತಾಗಲಿ.

ಪ್ರೀತಿಯ
ಕೋನಿ


ಹ್ಯಾರೋಸ್ ಲ್ಯಾಂಡಿಂಗ್
27 ಜನವರಿ 2003

ಕೋನಿ,

ನನ್ನ ತಪ್ಪು: ಕೌಂಟಿಯವರೆಲ್ಲ ನನ್ನ ಮಾತು ಕೇಳುತ್ತಾರೆ ಎಂದುಕೊಂಡಿದ್ದು.

ನೀನು ಕಳಿಸಿದ ಸಿಡುಬಿನ ಲಸಿಕೆ ಬಂತು. ನೂರು ಜನಕ್ಕೆ ಆಗುವಷ್ಟು, ಜೊತೆಗೆ ಎರಡು ಮೊನೆಯ ಸೂಜಿಗಳು. ಆಸ್ಪತ್ರೆಯ ಫ್ರಿಜ್‌ನಲ್ಲಿಟ್ಟು ಬೀಗ ಹಾಕಿದ್ದೇವೆ. ಮುಂಚೂಣಿಯವರು ತಾವಾಗಿ ಹಾಕಿಸಿಕೊಳ್ಳಬೇಕು ಎಂದು ಸಭೆ ಕರೆದೆ. ಕಾಫಿ ಕುಡಿದರು, ಡೋನಟ್ ತಿಂದರು, ಎದ್ದು ಹೋದರು. ಕೊನೆಗೆ ಹಾಕಿಸಿಕೊಂಡವಳು ನಾನೊಬ್ಬಳೇ. ತೋಳು ಊದಿಕೊಂಡು ಒಂದು ವಾರ ಎಡಮಗ್ಗುಲಿಗೆ ಮಲಗಲಾಗಲಿಲ್ಲ.

ಬರ್ನೀಸ್ ಎಲ್ಲರೆದುರೇ ಹೇಳಿದಳು: "ನಂಗೆ ಐವತ್ತೆಂಟು, ಬಿಪಿ ಇದೆ, ಮೊಮ್ಮಗು ಮನೇಲಿದೆ. ಇಲ್ಲದೇ ಇರೋ ಕಾಯಿಲೆಗೆ ನಾನ್ಯಾಕೆ ಚುಚ್ಚಿಸ್ಕೊಳ್ಳಿ? ಆದ್ರೆ ಒಂದು ಮಾತು ಡಾಕ್ಟ್ರಮ್ಮ. ಅದು ನಿಜವಾಗ್ಲೂ ಬಂತು ಅಂತ ನೀವು ಬಾಯ್ಬಿಟ್ಟು ಹೇಳಿದ ದಿನ, ಮೊದಲು ತೋಳು ಚಾಚೋಳು ನಾನೇ. ಆವತ್ತು ನನ್ನ ಹಿಂದೆ ಸಾಲು ನಿಲ್ಲಿ ಅಂತ ಇವರಿಗೆಲ್ಲ ಹೇಳಿ."

ನನ್ನ ಮಾತು ಸುಳ್ಳಾಗಲಿಲ್ಲ, ನೋಡು. ಪರಿಚಯದ ನರ್ಸಮ್ಮ.

ನಿನ್ನನ್ನು ಟೀವಿಯಲ್ಲಿ ನೋಡಿದೆ. ಸೆನೆಟರುಗಳು ನಿನ್ನ ಮಾತಿಗೆ ತಲೆದೂಗುತ್ತಿದ್ದರು. ಇಲ್ಲಿ ನಾನು ಮಾತಾಡುವಾಗ ಶೆರಿಫ್ ಹಲ್ಲಿಗೆ ಕಡ್ಡಿ ಹಾಕಿಕೊಂಡು ಕೂತಿರುತ್ತಾನೆ. ಒಂದೇ ಒಂದು ದಿನ ಕೋನಿ, ಜನ ನಿನ್ನನ್ನು ನೋಡುವ ಹಾಗೆ ನನ್ನನ್ನು ನೋಡಿದ್ದರೆ ಸಾಕಿತ್ತು. ಕೆಟ್ಟ ಆಸೆ. ಬರೆದೂ ಆಯಿತು, ಹರಿದು ಹಾಕುವುದಿಲ್ಲ.

ವರ್ನಾ


ಕೌಂಟಿ ಆರೋಗ್ಯಾಧಿಕಾರಿಯ ಕಚೇರಿ
ಹ್ಯಾರೋಸ್ ಲ್ಯಾಂಡಿಂಗ್
13 ಮಾರ್ಚ್ 2003

ಡಾಕ್ಟರ್ ಎಬರ್ಲಿ ಅವರಿಗೆ,
(ಪ್ರತಿಗಳು: ರಾಜ್ಯದ ಆರೋಗ್ಯ ಕಾರ್ಯದರ್ಶಿ, ಸೆನೆಟ್ ಸಮಿತಿ, ಪತ್ರಿಕೆಗಳು)

ಮಂಗಳವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನಿಮ್ಮ ಕಚೇರಿಯಿಂದ ನಮಗೊಂದು ಫ್ಯಾಕ್ಸ್ ಬಂತು. ಇಲ್ಲಿನ ಕೋಳಿ ಕಾರ್ಖಾನೆಯ ಒಬ್ಬ ಕೆಲಸಗಾರನಿಗೆ ಸಿಡುಬು ಇರುವ ಸಂಭವವಿದೆ ಎಂದು ಅದರಲ್ಲಿತ್ತು. ಅಣಕು ಕಾರ್ಯಾಚರಣೆಯ ಪ್ರತಿ ಹಾಳೆಯ ತಲೆಯ ಮೇಲೂ 'ಇದು ತಾಲೀಮು' ಎಂದು ಅಚ್ಚು ಮಾಡಬೇಕೆಂಬುದು ನೀವೇ ಮಾಡಿದ ನಿಯಮ. ಈ ಹಾಳೆಯ ಮೇಲೆ ಆ ಸಾಲು ಇರಲಿಲ್ಲ.

ಕಾರ್ಖಾನೆಯ ಪಟ್ಟಿಯಲ್ಲಿ ಆ ಕೆಲಸಗಾರನ ಹೆಸರು ಸಿಗಲಿಲ್ಲ. ಅಲ್ಲಿ ಅರ್ಧಕ್ಕರ್ಧ ಜನ ಬೇರೆಯವರ ಹೆಸರಿನಲ್ಲಿ ದುಡಿಯುವುದು ಎಲ್ಲರಿಗೂ ತಿಳಿದದ್ದೇ. ಹೆಸರು ಸಿಗದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ನಾನು ಕೈಕಟ್ಟಿ ಕೂರಲಾಗಲಿಲ್ಲ. ಕಾರ್ಖಾನೆ ನಿಲ್ಲಿಸಿದೆ. ಮುನ್ನೂರ ಹನ್ನೆರಡು ಜನರನ್ನು, ಹೆಚ್ಚಿನವರು ಗ್ವಾಟೆಮಾಲಾ ಮತ್ತು ಹೈಟಿಯವರು, ಹೈಸ್ಕೂಲಿನ ಆಟದ ಸಭಾಂಗಣದಲ್ಲಿ ಇರಿಸಿದೆ. ಅವರನ್ನು ಪರೀಕ್ಷಿಸಬೇಕಾದ ಆರು ಮಂದಿ ಸಿಬ್ಬಂದಿಗೆ ಒಂಬತ್ತೂವರೆಗೆ ಲಸಿಕೆ ಹಾಕಿದೆ. ಶ್ರೀಮತಿ ಪಿಂಡರ್ ಮೊದಲು ಹಾಕಿಸಿಕೊಂಡರು. ಮಧ್ಯಾಹ್ನ ಒಂದು ಗಂಟೆಗೆ ನೀವು ಫೋನ್ ಮಾಡಿ ಇದೆಲ್ಲ ಅಣಕು ಎಂದಿರಿ.

ಹೆಂಗಸರು ಅತ್ತಿದ್ದನ್ನು, ಪೊಲೀಸರು ತಮ್ಮನ್ನು ಗಡೀಪಾರು ಮಾಡುತ್ತಾರೆಂದು ಹೆದರಿ ಇಬ್ಬರು ಕಿಟಕಿಯಿಂದ ಹಾರಿ ಕಾಲು ಮುರಿದುಕೊಂಡಿದ್ದನ್ನು ನೀವು ಟೀವಿಯಲ್ಲಿ ನೋಡಿರಬೇಕು. ಒಂದು ಸಾಲು ಬಿಟ್ಟಿದ್ದರಿಂದ ಇಷ್ಟಾಯಿತು. ಇದರ ಹೊಣೆ ಯಾರದು ಎಂಬುದನ್ನು ಸಮಿತಿ ನಿರ್ಧರಿಸಲಿ.

ವರ್ನಾ ಟಿಲ್ಮನ್, ಎಂ.ಡಿ.
ಆರೋಗ್ಯಾಧಿಕಾರಿ


ವಾಷಿಂಗ್ಟನ್
24 ಮಾರ್ಚ್ 2003

ವರ್ನಾ,

ನನ್ನ ತಪ್ಪು: ಎರಡು.

ಮೊದಲನೆಯದು ಊರಿಗೆಲ್ಲ ಗೊತ್ತು. ಆ ಸಾಲು ಇಲ್ಲದ ಹಾಳೆ ನನ್ನ ಕಚೇರಿಯಿಂದ ಹೊರಟಿತು. ಯಾರ ಕೈ ತಪ್ಪಿತೆಂದು ನಾನು ಹುಡುಕಲಿಲ್ಲ. ಸಹಿ ನನ್ನದು. ಸಮಿತಿಯ ಮುಂದೆ ಹಾಗೇ ಹೇಳಿದೆ. ಮುಖ್ಯಸ್ಥೆಯ ಹುದ್ದೆಗೆ ಕೊಟ್ಟಿದ್ದ ಒಪ್ಪಿಗೆಯನ್ನು ನಿನ್ನೆ ಹಿಂದಕ್ಕೆ ತೆಗೆದುಕೊಂಡೆ. ಯುದ್ಧದ ಸುದ್ದಿಯ ನಡುವೆ ಅದು ಐದನೆಯ ಪುಟದಲ್ಲಿ ಬಂದಿದೆ.

ಎರಡನೆಯದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ನಿನ್ನ ಕೌಂಟಿಯ ಹಾಳೆಯಲ್ಲಿ ರೋಗಿಯ ಹೆಸರನ್ನು ನಾನೇ ನನ್ನ ಕೈಯಾರೆ ಬರೆದೆ. ಓಟಿಸ್ ಪಿಕೆಟ್, ವಯಸ್ಸು ನಲವತ್ತೊಂದು, ಉದ್ಯೋಗ ಕಾವಲು. ನೀನು ನೋಡಿದ ಕೂಡಲೇ ನಗುತ್ತೀಯೆಂದುಕೊಂಡಿದ್ದೆ. ಹತ್ತು ನಿಮಿಷದಲ್ಲಿ ಫೋನ್ ಮಾಡುತ್ತೀಯೆಂದು ಕಾದೆ.

ಹದಿನೆಂಟು ವರ್ಷದಲ್ಲಿ ನಿನ್ನ ತಪ್ಪು ಬರೆಯದೆ ನೀನು ಕಳಿಸಿದ ಮೊದಲ ಪತ್ರ ಅದು. ಅಷ್ಟು ವಿವರವಾಗಿ ಬರೆದು ರೋಗಿಯ ಹೆಸರೊಂದನ್ನು ಬಿಟ್ಟಿದ್ದೀಯೆ.

ಹೆಸರಿನ ಬಗ್ಗೆ ಸಮಿತಿಯವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳುವುದೂ ಇಲ್ಲ.

ಲಸಿಕೆ ಹಾಕಿಸಿಕೊಂಡ ಕೆಲವರಿಗೆ ಹತ್ತು ಹನ್ನೆರಡು ದಿನಕ್ಕೆ ಎದೆನೋವು ಬರುತ್ತಿದೆ ಎಂದು ಬೇರೆ ಕಡೆಗಳಿಂದ ಸುದ್ದಿ ಬಂದಿದೆ. ಬರ್ನೀಸ್ ಅವರನ್ನು ನೋಡಿಕೋ.

ಕೋನಿ


ಹ್ಯಾರೋಸ್ ಲ್ಯಾಂಡಿಂಗ್
9 ಏಪ್ರಿಲ್ 2003

ಕೋನಿ,

ನನ್ನ ತಪ್ಪು:

ನಾಲ್ಕು ಹಾಳೆ ಹರಿದೆ. ಆ ಸಾಲು ಮುಂದಕ್ಕೆ ಹೋಗುತ್ತಿಲ್ಲ. ಖಾಲಿ ಇರಲಿ.

ನಾನಿಲ್ಲಿ ಈಗ ದೊಡ್ಡ ಮನುಷ್ಯೆ. 'ಕಾಯದೆ ಕೆಲಸ ಮಾಡಿದ ವೈದ್ಯೆ' ಎಂದು ಪೇಪರಿನಲ್ಲಿ ಬಂತು, ಚಿತ್ರದ ಸಮೇತ. ಶೆರಿಫ್ ಬಾಯಿಂದ ಕಡ್ಡಿ ತೆಗೆದು ನಮಸ್ಕಾರ ಹೇಳುತ್ತಾನೆ. ಚರ್ಚಿನ ಹೆಂಗಸರು ಒಂಬತ್ತು ಪದರದ ಕೇಕು ಮಾಡಿ ತಂದುಕೊಟ್ಟರು. ನಿನ್ನೆ ವಾಷಿಂಗ್ಟನ್ನಿನಿಂದ ಫೋನ್ ಬಂತು: ಹೊಸ ಮಂಡಳಿಯಲ್ಲಿ ಕೌಂಟಿಗಳ ಪರವಾಗಿ ಒಂದು ಕುರ್ಚಿ, ಅದು ನನಗಂತೆ. ಜೂನ್ ಹತ್ತಕ್ಕೆ ಪ್ರಮಾಣ ವಚನ. ನಿನ್ನ ಕಟ್ಟಡವೇ, ಅದೇ ಬಿಳಿ ಕಂಬಗಳು.

ಮಾರ್ಚ್ ಇಪ್ಪತ್ತಮೂರಕ್ಕೆ ಬರ್ನೀಸಳ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ಹೃದಯದ ಮಾಂಸವೇ ಊದಿಕೊಂಡಿದೆ. ದೊಡ್ಡಾಸ್ಪತ್ರೆಯಲ್ಲಿ ಹದಿನೇಳು ದಿನದಿಂದ ಮಲಗಿದ್ದಾಳೆ. ನಾನು ದಿನಾ ಹೋಗುತ್ತೇನೆ. "ಕೇಕು ತಿಂದ್ರಾ ಡಾಕ್ಟ್ರಮ್ಮ? ನಂಗೊಂದು ತುಂಡು ತಂದಿದ್ರೆ ಗಂಟೇನ್ ಹೋಗ್ತಿತ್ತು?" ಎಂದು ಉಸಿರು ಕಟ್ಟಿಕೊಂಡು ತಮಾಷೆ ಮಾಡುತ್ತಾಳೆ.

ನೀನ್ಯಾಕೆ ಬಾಯಿ ಬಿಡಲಿಲ್ಲ? ಒಂದೇ ಒಂದು ಹೆಸರು ಹೇಳಿದ್ದರೆ ನಿನ್ನ ಹುದ್ದೆ ಉಳಿಯುತ್ತಿತ್ತು, ನನ್ನ ಮಾನ ಹೋಗುತ್ತಿತ್ತು. ನನಗಿಂತ ದೊಡ್ಡವಳು ಎನಿಸಿಕೊಳ್ಳಲಿಕ್ಕಾ? ಅದಾಗಲೇ ಆಗಿದ್ದೀಯಲ್ಲ ಮಾರಾಯ್ತಿ, ಇನ್ನೂ ಎಷ್ಟು ಬೇಕು? ನಿನ್ನ ಹುದ್ದೆ ಕಂಡು ಉರಿದುಕೊಂಡೆ, ಸರಿ. ಈಗ ನಿನ್ನ ಮೌನ ಕಂಡೂ ಉರಿಯುತ್ತಿದೆ. ಇದಕ್ಕೆ ಯಾವ ಮಜ್ಜಿಗೆಯೂ ಸಾಲುವುದಿಲ್ಲ.

ವರ್ನಾ


ವಾಷಿಂಗ್ಟನ್
30 ಏಪ್ರಿಲ್ 2003

ವರ್ನಾ,

ನನ್ನ ತಪ್ಪು: ಈ ವಾರ ಒಂದೂ ಇಲ್ಲ. ಕೆಲಸವೇ ಇಲ್ಲವಲ್ಲ.

ಪೆಟ್ಟಿಗೆ ಕಟ್ಟುತ್ತಿದ್ದೇನೆ. ದಡಾರದ ಲೇಖನದ ಪ್ರತಿ ಸಿಕ್ಕಿತು, ಜೊತೆಗಿಟ್ಟಿದ್ದೇನೆ. ನಾಣ್ಯ ನನ್ನ ಕಡೆ ಬಿದ್ದದ್ದು ನನ್ನ ಜಾಣತನವಲ್ಲ, ವರ್ನಾ. ನಿನ್ನ ದಡ್ಡತನವೂ ಅಲ್ಲ. ಇದನ್ನು ನಾನು ಬಹಳ ಹಿಂದೆಯೇ ಹೇಳಬೇಕಿತ್ತು.

ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ್ದೀಯೆ. ಅವರವರ ತಪ್ಪನ್ನು ಅವರವರೇ ಹೇಳಬೇಕು, ಇನ್ನೊಬ್ಬರು ಹೇಳಿದರೆ ಅದು ದೂರು. ಸ್ಟೀಗಲ್ ಹೇಳಿಕೊಟ್ಟಿದ್ದು ಅಷ್ಟೇ. ಬೇರೆ ದೊಡ್ಡತನ ಏನೂ ಇಲ್ಲ. ಕೋಪ ಇದೆ. ತುಂಬಾ ಇದೆ.

ಜುಲೈನಿಂದ ಬಾಲ್ಟಿಮೋರಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ವಾರಕ್ಕೆ ಮೂರು ದಿನ. ನಾಡಿ ಹಿಡಿಯಬಹುದು.

ಕೋನಿ


ಹ್ಯಾರೋಸ್ ಲ್ಯಾಂಡಿಂಗ್
2 ಜೂನ್ 2003

ಕೋನಿ,

ನನ್ನ ತಪ್ಪು: ನನಗೆ ಗೊತ್ತಿತ್ತು.

ಫ್ಯಾಕ್ಸ್ ಯಂತ್ರದಿಂದ ಹಾಳೆ ಹೊರಗೆ ಬರುವಾಗಲೇ ಆ ಹೆಸರು ಕಂಡಿತು. ನಕ್ಕೆ ಕೂಡ. ಆಮೇಲೆ ತಲೆಯ ಮೇಲಿನ ಸಾಲು ಇಲ್ಲದ್ದು ಕಣ್ಣಿಗೆ ಬಿತ್ತು. ಸಿಕ್ಕಿಬಿದ್ದೆ ನೀನು, ಎಂದುಕೊಂಡೆ. ಅರ್ಧ ಗಂಟೆ ಸುಮ್ಮನಿದ್ದು, ನಂಬಿದ ಹಾಗೆ ನಟಿಸಿ, ಆಮೇಲೆ ಫೋನ್ ಮಾಡಿ ಎಲ್ಲರೆದುರು ನಿನ್ನ ಮುಖಕ್ಕೆ ಮಂಗಳಾರತಿ ಎತ್ತೋಣ ಎಂದಷ್ಟೇ ಇತ್ತು. ಶೆರಿಫ್ ಬಂದ. ಟೀವಿಯವರು ಬಂದರು. ಎಲ್ಲರೂ ನನ್ನನ್ನೇ ನೋಡಿದರು. 'ಈಗೇನು ಮಾಡೋಣ ಡಾಕ್ಟ್ರೇ' ಎಂದು ಕೇಳಿದರು. ಸುಳ್ಳೆಂದು ಹೇಳಲು ನಾಲಿಗೆ ಏಳಲಿಲ್ಲ. ಆ ಐದು ಗಂಟೆ ನಾನು ನೀನಾಗಿದ್ದೆ ಕೋನಿ. ಎಷ್ಟು ಚೆನ್ನಾಗಿತ್ತು ಎಂದು ಹೇಳಿದರೆ ನಾಚಿಕೆಯಾಗುತ್ತದೆ.

ಬರ್ನೀಸ್ ತೋಳಿನ ಗುಂಡಿ ಬಿಚ್ಚುತ್ತಾ, "ನಿಜವಾಗ್ಲೂ ಬಂತಾ ಡಾಕ್ಟ್ರಮ್ಮ?" ಎಂದು ಕೇಳಿದಳು. ನಾನು "ಬಂತು" ಅಂದೆ. ಎರಡು ಮೊನೆಯ ಸೂಜಿಯಿಂದ ಅವಳ ತೋಳಿಗೆ ಹದಿನೈದು ಸಲ ಚುಚ್ಚಿದೆ. ನಾನೇ, ನನ್ನ ಕೈಯಿಂದಲೇ.

ಅವಳನ್ನು ಮನೆಗೆ ಕಳಿಸಿದ್ದಾರೆ. ಮೆಟ್ಟಿಲು ಹತ್ತಲಾಗುವುದಿಲ್ಲ, ಮಂಚವನ್ನು ಕೆಳಗೆ ಹಾಕಿಸಿದ್ದಾರೆ. ಕೆಲಸಕ್ಕೆ ಇನ್ನು ಬರುವಂತಿಲ್ಲ. ಕಳೆದ ಗುರುವಾರ ಹೋಗಿ ಅವಳ ಎದುರು ಕುರ್ಚಿ ಹಾಕಿಕೊಂಡು ಎಲ್ಲ ಹೇಳಿದೆ. ಪೂರ್ತಿ ಕೇಳಿದಳು. ಹೆಸರಿನ ವಿಷಯ ಬಂದಾಗ ಕೈ ಎತ್ತಿ ನಿಲ್ಲಿಸಿದಳು.

"ತಡೀರಿ. ಓಟಿಸ್ ಪಿಕೆಟ್ ಅಂದ್ರೆ ನಾಯಿನಾ?"

"ಹೌದು."

"ಒಂದು ನಾಯಿ ಹೆಸರಿಗೆ ನಾನು ತೋಳು ಕೊಟ್ನಾ?"

ನಾನು ಹೌದೆಂದು ತಲೆಯಾಡಿಸಿದೆ.

"ಸತ್ತ ನಾಯಿ?"

"ಸತ್ತು ಹದಿನೈದು ವರ್ಷ ಆಗಿರಬೇಕು."

ಕಿಟಕಿಯ ಕಡೆ ತಿರುಗಿದಳು. ಮೊಮ್ಮಗಳು ಅಂಗಳದಲ್ಲಿ ಹಗ್ಗ ಜಿಗಿಯುತ್ತಿದ್ದಳು. ನಾನು ಅಳುವುದಕ್ಕೆ ಶುರು ಮಾಡಿದೆ. "ಸಾಕು ನಿಲ್ಸಿ" ಎಂದು ಗದರಿದಳು. "ಮೂವತ್ತು ವರ್ಷ ನಿಮ್ಮಂಥ ಡಾಕ್ಟ್ರುಗಳ ಹಿಂದೆ ಚೀಲ ಹೊತ್ತಿದೀನಿ. ಕಣ್ಣೀರು ಒರೆಸೋ ಕೆಲಸ ಇವತ್ತು ನಂದಲ್ಲ. ನಿಮ್ಮ ಆ ಫ್ರೆಂಡ್ ತಲೆ ಮೇಲೆ ತಪ್ಪು ಹೊರಿಸಿ, ನೀವಿಲ್ಲಿ ಕೇಕು ತಿಂದ್ರಿ. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿತಂತೆ. ಹೋಗಿ, ಆ ಸಮಿತಿಗೆ ಬರೀರಿ. ಬರೆಯೋವಾಗ 'ಒಬ್ಬ ನರ್ಸ್' ಅಂತ ಬರೀಬೇಡಿ. ಬರ್ನೀಸ್ ಪಿಂಡರ್ ಅಂತ ಬರೀರಿ. ಅಕ್ಷರ ತಪ್ಪಿಲ್ಲದೆ."

ನಾನು ಎದ್ದೆ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕೂಗಿದಳು: "ಮತ್ತೆ ಇಲ್ಲಿಗೆ ಬರಬೇಡಿ. ನಾನೇ ಹೇಳಿ ಕಳಿಸೋವರೆಗೂ."

ಸಮಿತಿಗೆ ಬರೆದ ಪತ್ರದ ಪ್ರತಿ ಇದರ ಜೊತೆಗಿದೆ. ಅದರಲ್ಲಿ ಮೂರು ಹೆಸರುಗಳಿವೆ: ಅವಳದು, ನಿನ್ನದು, ನಾಯಿಯದು. ಕುರ್ಚಿ ಬೇಡವೆಂದು ಬರೆದಿದ್ದೇನೆ. ಬೇಕೆಂದರೂ ಇನ್ನು ಯಾರು ಕೊಡುತ್ತಾರೆ? ಇಲ್ಲಿನ ಕೆಲಸಕ್ಕೂ ರಾಜೀನಾಮೆ ಕೊಟ್ಟಿದ್ದೇನೆ. ನನ್ನ ವೈದ್ಯ ಪರವಾನಗಿಯನ್ನು ಏನು ಮಾಡಬೇಕೆಂದು ಅವರೇ ಹೇಳುತ್ತಾರೆ. ಇಷ್ಟರಿಂದ ನಿನ್ನ ಹುದ್ದೆ ನಿನಗೆ ವಾಪಸು ಬರುವುದಿಲ್ಲ ಎಂದು ಗೊತ್ತು. ಅಲ್ಲಿ ಈಗಾಗಲೇ ಬೇರೆ ಯಾರನ್ನೋ ಕೂರಿಸಿದ್ದಾರಂತೆ.

ಕ್ಷಮಿಸು ಎಂದು ಕೇಳುತ್ತಿಲ್ಲ. ಸಮಿತಿಯ ಪತ್ರವನ್ನು ಹೇಗೆ ಶುರು ಮಾಡಬೇಕೆಂದು ಮೂರು ದಿನ ಪೆನ್ನು ಹಿಡಿದು ಕೂತಿದ್ದೆ. ಕೊನೆಗೆ ಸ್ಟೀಗಲ್ ಕಲಿಸಿದ ಹಾಗೆ 'ನನ್ನ ತಪ್ಪು' ಎಂದೇ ಶುರು ಮಾಡಿದೆ. ಬರೆದ ಮೇಲೆ, ನಿನ್ನ ಹೇಳಿಕೆ ಹೇಗಿತ್ತು ನೋಡೋಣವೆಂದು ಸಮಿತಿಯವರು ಅಚ್ಚು ಹಾಕಿಸಿದ, ನಾನು ಮೊದಲೇ ತರಿಸಿಟ್ಟಿದ್ದ ಪುಸ್ತಕ ತೆಗೆದೆ. ನಿನ್ನದೂ ಅದೇ ಮಾತಿನಿಂದ ಶುರುವಾಗಿತ್ತು, ಮಾರ್ಚ್ ಹತ್ತೊಂಬತ್ತನೆಯ ತಾರೀಕು ಹಾಕಿ.

ಇದರಲ್ಲೂ ನಿನ್ನದೇ ಮೊದಲ ಹೆಸರು, ಕೋನಿ. ಈ ಸಲ ನಾಣ್ಯ ಚಿಮ್ಮಿರಲಿಲ್ಲ.

ವರ್ನಾ